ಕೇಳಿ ನೋಡಿ: ಟವೆಲ್ ಕೆಳಗಿನ ಲೆಕ್ಕ, ತೇರಿನ ಮುಂದಿನ ಅಂಗಡಿ

ದನಗಳ ಜಾತ್ರೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಸುಮ್ನೆ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲದ ಅಂಕಣ ತುಂಬುವಷ್ಟಿವೆ. ಹಾಗಾಗಿ ಹಸುವಿನ ಜ್ವರ, ಕರುವಿನ ಹೊಟ್ಟೆಹುಳ ಎಲ್ಲ ಸದ್ಯಕ್ಕೆ ಪಕ್ಕಕ್ಕೆ. ನಾನು ಸರ್ಕಾರಿ ಪಶುವೈದ್ಯನಾಗಿದ್ದಷ್ಟು ಕಾಲವೂ ಚಳಿಗಾಲ ಬಂತೆಂದರೆ ಯಾವುದಾದರೂ ಜಾತ್ರೆ ಬಯಲಿನಲ್ಲಿ ಡ್ಯೂಟಿ ಬೀಳುತ್ತಿತ್ತು. ಒಂದು ಶಾಮಿಯಾನ, ಒಂದು ಮೇಜು, ಲಸಿಕೆಯ ಐಸ್ ಪೆಟ್ಟಿಗೆ, ಒಬ್ಬ ಸಹಾಯಕ. ಅಲ್ಲಿ ಕಂಡದ್ದು, ರೈತರಿಂದ ಕೇಳಿದ್ದು, ನಿವೃತ್ತಿಯಾದ ಮೇಲೆ ಓದಿದ್ದು ಎಲ್ಲ ಸೇರಿಸಿ ಉತ್ತರ ಬರೆದಿದ್ದೇನೆ.

ದನಗಳ ಜಾತ್ರೆಗಳೆಲ್ಲ ಡಿಸೆಂಬರ್‌ನಿಂದ ಮಾರ್ಚ್‌ ಒಳಗೇ ಯಾಕೆ? ದೇವರಿಗೆ ಮಳೆಗಾಲದಲ್ಲಿ ಜಾತ್ರೆ ಬೇಡವೇ?
— ಓದುಗರೊಬ್ಬರು, ಚಿಕ್ಕನಾಯಕನಹಳ್ಳಿ

ದೇವರಿಗೆ ಯಾವಾಗಾದರೂ ಸರಿ ಸ್ವಾಮಿ, ರೈತನಿಗೆ ಬಿಡುವಿರಬೇಕಲ್ಲ!

ನಿಮ್ಮ ಸೀಮೆಯನ್ನೇ ನೋಡಿ. ರಾಗಿ ಕೊಯ್ಲು ಮುಗಿದು, ಕಣದ ಕೆಲಸ ಆಗಿ, ಹುಲ್ಲು ಬಣವೆಗೆ ಏರುವ ಹೊತ್ತಿಗೆ ಸಂಕ್ರಾಂತಿ ಹತ್ತಿರ. ವರ್ಷದಲ್ಲಿ ರೈತನ ಕೈಯಲ್ಲಿ ನಾಲ್ಕು ಕಾಸು ಆಡುವುದು ಆಗಲೇ. ಎತ್ತಿಗೂ ಕೆಲಸ ಕಡಿಮೆ. ಇನ್ನು ಮುಂದೆ ಬೇಸಿಗೆ. ಮನೆಯಲ್ಲಿ ಹುಲ್ಲು ಕಡಿಮೆ ಇರುವವನು ಯೋಚಿಸುತ್ತಾನೆ: ಈ ಜೋಡಿಯನ್ನು ಮುಂಗಾರಿನ ತನಕ ಹೇಗೆ ಸಾಕಲಿ? ಈಗಲೇ ಮಾರಿಬಿಟ್ಟರೆ ಮೇವಾದರೂ ಉಳಿಯುತ್ತದೆ. ಹುಲ್ಲು ಜಾಸ್ತಿ ಇರುವವನ ಯೋಚನೆ ಬೇರೆ. ಈಗ ಎಳೆಯ ಹೋರಿಗಳನ್ನು ತಂದು ಮೂರ್ನಾಲ್ಕು ತಿಂಗಳು ನೊಗಕ್ಕೆ ಪಳಗಿಸಿದರೆ ಮೊದಲ ಮಳೆಗೆ ಉಳುಮೆಗೆ ಸಿದ್ಧ. ಒಬ್ಬ ಮಾರಲೇಬೇಕು, ಇನ್ನೊಬ್ಬ ಕೊಳ್ಳಲೇಬೇಕು. ಇಬ್ಬರ ಅವಸರವೂ ಒಂದೇ ತಿಂಗಳಲ್ಲಿ ಬರುತ್ತದೆ. ಜಾತ್ರೆ ಅಲ್ಲೇ ನಿಂತಿದೆ.

ಬಯಲು ಒಣಗಿರುತ್ತದೆ, ಆದರೆ ಕೆರೆಯಲ್ಲಿ ಇನ್ನೂ ನೀರಿರುತ್ತದೆ. ಸಾವಿರಾರು ದನ ಒಂದೆಡೆ ಕಟ್ಟಬೇಕಾದರೆ ಎರಡೂ ಬೇಕು. ಜುಲೈ ತಿಂಗಳ ಕೆಸರಿನಲ್ಲಿ ಅಷ್ಟು ದನ ನಿಲ್ಲಿಸಿದರೆ ಏನಾಗುತ್ತದೆ ಅಂತ ನನ್ನಂಥ ವೈದ್ಯನನ್ನು ಕೇಳಬೇಡಿ. ಗೊರಸು ಕೊಳೆತು, ಕಾಲುಬಾಯಿ ಜ್ವರ ಹಬ್ಬಿ, ಜಾತ್ರೆ ಮುಗಿಯುವ ಮೊದಲೇ ಅರ್ಧ ಜಾನುವಾರು ಮಲಗಿರುತ್ತವೆ.

ಹುಣ್ಣಿಮೆಯ ವಿಷಯವೂ ಇದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆ: ಎಷ್ಟು ತೇರು, ಎಷ್ಟು ಜಾತ್ರೆ ಇವುಗಳ ಸುತ್ತಲೇ ಬರುತ್ತವೆ ನೋಡಿ. ಶಾಸ್ತ್ರದ ಕಾರಣ ಪುರೋಹಿತರು ಹೇಳುತ್ತಾರೆ. ಗಾಡಿ ಕಟ್ಟಿಕೊಂಡು ಬರುತ್ತಿದ್ದ ಹಳೆಯ ರೈತರು ಹೇಳುತ್ತಿದ್ದ ಕಾರಣ ಇನ್ನೂ ಸರಳ. ಹಗಲು ಬಿಸಿಲಿಗೆ ಎತ್ತು ದಣಿಯುತ್ತವೆ, ರಾತ್ರಿ ನಡೆಯಬೇಕು, ನಡೆಯಲು ಬೆಳಕು ಬೇಕು.

ಈ ಜಾತ್ರೆಗಳು ಒಂದರ ಹಿಂದೆ ಒಂದು ಬರುವುದನ್ನೂ ಗಮನಿಸಿ. ದೊಡ್ಡಬಳ್ಳಾಪುರದ ಹತ್ತಿರದ ಘಾಟಿ ಸುಬ್ರಹ್ಮಣ್ಯ ಮೊದಲು. ಸಂಕ್ರಾಂತಿ ಹೊತ್ತಿಗೆ ಕೆ.ಆರ್. ನಗರದ ಕಡೆ ಚುಂಚನಕಟ್ಟೆ. ಆಮೇಲೆ ಸುತ್ತೂರು, ತಿ. ನರಸೀಪುರದ ಹತ್ತಿರ ಮುಡುಕುತೊರೆ. ಶಿವರಾತ್ರಿಗೆ ತುಮಕೂರಿನ ಸಿದ್ಧಗಂಗೆ. ಒಂದರಲ್ಲಿ ಮಾರಾಟವಾಗದ ಜೋಡಿ ಮುಂದಿನದಕ್ಕೆ ಹೋಗುತ್ತದೆ. ಘಾಟಿಯಲ್ಲಿ ಹಟ ಹಿಡಿದು ದರ ಬಿಟ್ಟುಕೊಡದ ರೈತ ಸಿದ್ಧಗಂಗೆಯಲ್ಲಿ ಸ್ವಲ್ಪ ಮೆತ್ತಗಾಗುತ್ತಾನೆ. ಅದು ದಲ್ಲಾಳಿಗೂ ಗೊತ್ತು.

ನಮ್ಮ ತಾತ ಎತ್ತಿನ ವ್ಯಾಪಾರದಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಹೇಳುತ್ತಿದ್ದರಂತೆ. ಇದು ಹೇಗೆ? ಬಾಯಲ್ಲಿ ಹೇಳಿದರೆ ಆಗುತ್ತಿರಲಿಲ್ಲವೇ? ಗುಟ್ಟು ಯಾಕೆ?
— ಸಾಫ್ಟ್‌ವೇರ್ ಕೆಲಸದ ಓದುಗರೊಬ್ಬರು, ಬೆಂಗಳೂರು

ಈಗಲೂ ಹಾಗೇ ನಡೆಯುತ್ತದೆ. ನಿಮ್ಮ ತಾತನ ಕಾಲದ್ದು ಅಂತ ಮೂಲೆಗಿಡಬೇಡಿ.

ಇಬ್ಬರು ಎದುರುಬದುರು ನಿಲ್ಲುತ್ತಾರೆ. ಒಬ್ಬ ಮಾರುವವನು ಅಥವಾ ಅವನ ಕಡೆಯ ದಲ್ಲಾಳಿ, ಇನ್ನೊಬ್ಬ ಕೊಳ್ಳುವ ಕಡೆಯವನು. ಹೆಗಲ ಮೇಲಿನ ಟವೆಲ್ ಕೈಗಳ ಮೇಲೆ ಬೀಳುತ್ತದೆ. ಅದರ ಅಡಿಯಲ್ಲಿ ಒಬ್ಬ ಇನ್ನೊಬ್ಬನ ಬೆರಳು ಹಿಡಿಯುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಅದು ಸಾವಿರವೋ ಹತ್ತು ಸಾವಿರವೋ ಅಂತ ಬೇರೆ ಹೇಳಬೇಕಿಲ್ಲ. ಎದುರಿಗೆ ಎತ್ತು ನಿಂತಿದೆಯಲ್ಲ, ನೋಡಿದರೇ ಗೊತ್ತಾಗುತ್ತದೆ. ದೊಡ್ಡ ಲೆಕ್ಕ ಮೊದಲು, ಆಮೇಲೆ ಚಿಲ್ಲರೆ. ಊರಿಂದ ಊರಿಗೆ ಗುರುತು ಸ್ವಲ್ಪ ಬದಲಾಗುತ್ತದೆ. ಒಪ್ಪದಿದ್ದರೆ ಕೈ ಕಿತ್ತುಕೊಳ್ಳುತ್ತಾರೆ. ಮುಖ ಸಿಂಡರಿಸುವುದು, "ಅಯ್ಯೋ, ಏನ್ ಕೇಳ್ತೀಯ" ಅನ್ನುವುದು, ಎರಡು ಹೆಜ್ಜೆ ಹೋಗಿ ತಿರುಗಿ ಬರುವುದು ಎಲ್ಲ ಇದೆ. ಅದರಲ್ಲಿ ಅರ್ಧ ನಾಟಕ. ಅಕ್ಕಪಕ್ಕದವರಿಗೂ ನಾಟಕ ಅಂತ ಗೊತ್ತು, ಆದರೂ ನಿಂತು ನೋಡುತ್ತಾರೆ.

ಗುಟ್ಟಿನ ಕಾರಣ ತುಂಬ ಲೆಕ್ಕಾಚಾರದ್ದು. ಒಬ್ಬ ಎಂಬತ್ತು ಸಾವಿರಕ್ಕೆ ಕೇಳಿದ, ಮಾರುವವನು ಒಪ್ಪಲಿಲ್ಲ ಅಂದುಕೊಳ್ಳಿ. ಅದು ಹತ್ತು ಜನಕ್ಕೆ ಕೇಳಿಸಿದರೆ ಮುಂದೆ ಬರುವವನು ಅಲ್ಲಿಂದಲೇ ಮಾತು ಶುರು ಮಾಡುತ್ತಾನೆ, ಒಂದು ಪೈಸೆ ಮೇಲೆ ಬರುವುದಿಲ್ಲ. ಟವೆಲ್ ಕೆಳಗಿದ್ದರೆ ಪ್ರತಿ ಮಾತುಕತೆಯೂ ಹೊಸದು. ಕೊಳ್ಳುವವನಿಗೂ ಲಾಭ ಇದೆ. ಕಡಿಮೆ ದರ ಕೇಳಿ ಬೈಸಿಕೊಂಡರೂ ಸುತ್ತ ನಿಂತವರ ಮುಂದೆ ಮಾನ ಹೋಗುವುದಿಲ್ಲ. ಇನ್ನೊಂದು, ಮಾರಿದವನ ಕೈಗೆ ಎಷ್ಟು ದುಡ್ಡು ಬಂತು ಅಂತ ಜಾತ್ರೆಗೆಲ್ಲ ತಿಳಿಯುವುದು ಒಳ್ಳೆಯದಲ್ಲ. ರಾತ್ರಿ ಅವನು ಅದೇ ಬಯಲಿನಲ್ಲಿ, ಅದೇ ದುಡ್ಡು ಸೊಂಟಕ್ಕೆ ಕಟ್ಟಿಕೊಂಡು ಮಲಗಬೇಕು.

ದಲ್ಲಾಳಿಯನ್ನು ಬೈಯುವವರು ಬಹಳ. ಎರಡೂ ಕಡೆ ಕಮಿಷನ್ ತೆಗೆದುಕೊಳ್ಳುತ್ತಾನೆ, ನಿಜ. ಆದರೆ ಯೋಚಿಸಿ. ನಮ್ಮ ಕಡೆಯ ಎತ್ತನ್ನು ಕೊಳ್ಳಲು ಉತ್ತರ ಕರ್ನಾಟಕದಿಂದ ಒಬ್ಬ ರೈತ ಬಂದಿರುತ್ತಾನೆ. ಮಾರುವವನ ಊರು ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಎತ್ತು ನಾಳೆ ಕುಂಟಿದರೆ ಯಾರನ್ನು ಹಿಡಿಯಬೇಕು? ದಲ್ಲಾಳಿ ಪ್ರತಿ ವರ್ಷ ಅದೇ ಜಾತ್ರೆಗೆ ಬರುತ್ತಾನೆ. ಈ ವರ್ಷ ಮೋಸ ಮಾಡಿದರೆ ಮುಂದಿನ ವರ್ಷ ಅವನ ಟವೆಲ್ ಕೆಳಗೆ ಯಾರೂ ಕೈ ಇಡುವುದಿಲ್ಲ. ಅವನ ಮುಖವೇ ರಸೀದಿ. ದರ ಕುದುರಿದ ಮೇಲೆ ಸಂಚಕಾರ ಕೊಡುತ್ತಾರೆ, ಅಂದರೆ ಮಾತು ಗಟ್ಟಿ ಮಾಡುವ ಸಣ್ಣ ಮುಂಗಡ. ಅದನ್ನು ಕೊಡುವಾಗ ಎಷ್ಟೋ ಜನ ಗುಡಿಯ ಗೋಪುರದ ಕಡೆ ತಿರುಗಿ ಕೈ ಮುಗಿಯುವುದನ್ನು ನೋಡಿದ್ದೇನೆ. ಸಂಚಕಾರ ಪಡೆದ ಮೇಲೆ ಇನ್ನೊಬ್ಬ ಹತ್ತು ಸಾವಿರ ಜಾಸ್ತಿ ಕೊಡುತ್ತೇನೆ ಅಂದರೂ ರೈತ ಮಾತು ಬದಲಿಸುವುದು ಅಪರೂಪ.

ಹಗ್ಗದ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎತ್ತು ಕೊಟ್ಟರೂ ಅದರ ಹಗ್ಗ ಕೊಡದ ರೈತರಿದ್ದಾರೆ. ಹಗ್ಗದ ಜೊತೆ ಕೊಟ್ಟಿಗೆಯ ಭಾಗ್ಯವೂ ಹೋಗುತ್ತದೆ ಅಂತ ನಂಬಿಕೆ. ಹಾಗಾಗಿ ದನದ ಸಾಲಿನ ಪಕ್ಕದಲ್ಲೇ ಹೊಸ ಹಗ್ಗ, ಮೂಗುದಾರ, ಗೆಜ್ಜೆ, ಕೊಂಬಿನ ಕಳಸ ಮಾರುವ ಅಂಗಡಿಗಳ ಸಾಲು ಇರುತ್ತದೆ. ಒಂದು ನಂಬಿಕೆಯಿಂದ ಎಷ್ಟು ಸಂಸಾರ ನಡೆಯುತ್ತವೆ ನೋಡಿ!

ಶಾಲೆಯಲ್ಲಿ ಮಕ್ಕಳು ಕೇಳಿದರು: ಮೊದಲು ದೇವಸ್ಥಾನ ಬಂತೋ, ಮೊದಲು ಸಂತೆ ಬಂತೋ? ನನಗೆ ಉತ್ತರ ಹೊಳೆಯಲಿಲ್ಲ. ಇತಿಹಾಸದಲ್ಲಿ ಏನಾದರೂ ಆಧಾರ ಇದೆಯೇ?
— ಶಿಕ್ಷಕಿಯೊಬ್ಬರು, ಇಳಕಲ್

ಮೇಡಂ, ನಿಮ್ಮೂರಿನಿಂದ ಸ್ವಲ್ಪ ದೂರದಲ್ಲೇ ಐಹೊಳೆ ಇದೆ. ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದುಕೊಂಡು ಹೋದರೆ ಗುಡಿಗಳನ್ನು ತೋರಿಸುತ್ತೀರಿ. ಜೊತೆಗೆ ಇದನ್ನೂ ಹೇಳಿ: ಈ ಊರು ಒಂದು ಕಾಲಕ್ಕೆ ವ್ಯಾಪಾರಿಗಳ ಹೆಸರಿನಿಂದಲೇ ಜಗತ್ತಿಗೆ ಗೊತ್ತಿತ್ತು. ಅಯ್ಯಾವೊಳೆಯ ಐನೂರ್ವರು ಅಂತ ಅವರ ಸಂಘ; ಅಯ್ಯಾವೊಳೆ ಅನ್ನುವುದು ಐಹೊಳೆಯದೇ ಹಳೆಯ ಹೆಸರು. ಕತ್ತೆ, ಕೋಣ, ಎತ್ತುಗಳ ಮೇಲೆ ಹೇರು ಹೇರಿಕೊಂಡು ದಕ್ಷಿಣ ಭಾರತವೆಲ್ಲ ಸುತ್ತುತ್ತಿದ್ದರು. ಕುದುರೆ, ಆನೆ, ರತ್ನ, ಕರ್ಪೂರ, ಗಂಧ, ಬಟ್ಟೆ ಎಲ್ಲ ಅವರ ವ್ಯಾಪಾರ. ಸುಮಾತ್ರಾ ದ್ವೀಪದ ಲೋಬು ತುವಾ ಎಂಬಲ್ಲಿ 1088ರ ಒಂದು ತಮಿಳು ಶಾಸನ ಸಿಕ್ಕಿದೆ. ಅದರಲ್ಲೂ ಈ ಐನೂರ್ವರ ಹೆಸರಿದೆ. ಮಲಪ್ರಭೆಯ ದಂಡೆಯ ಒಂದು ಹಳ್ಳಿಯ ಹೆಸರು ಸಮುದ್ರ ದಾಟಿ ಅಲ್ಲಿಗೆ ಹೋಗಿದೆ ಅಂದರೆ ಮಕ್ಕಳಿಗೆ ಖುಷಿಯಾಗುತ್ತದೆ.

ಈಗ ನಿಮ್ಮ ಪ್ರಶ್ನೆ. ನಮ್ಮ ಶಾಸನಗಳಲ್ಲಿ ಎರಡೂ ಬಗೆ ಇವೆ. ಗುಡಿ ಇದ್ದಲ್ಲಿ ಸಂತೆ ಬೆಳೆದದ್ದುಂಟು. ಅರಸನೋ ನಾಡಗೌಡನೋ ಬೇಕೆಂದೇ ಸಂತೆ ಕಟ್ಟಿಸಿ, ವ್ಯಾಪಾರಿಗಳು ಬರಲಿ ಅಂತ ಸುಂಕ ಬಿಟ್ಟುಕೊಟ್ಟದ್ದೂ ಉಂಟು. ವ್ಯಾಪಾರಿಗಳೇ ಸೇರಿ ಒಂದು ಹೇರಿಗೆ ಇಷ್ಟು ಅಡಿಕೆ, ಒಂದು ಗಾಣಕ್ಕೆ ಇಷ್ಟು ಎಣ್ಣೆ ಅಂತ ಗುಡಿಯ ನಂದಾದೀವಿಗೆಗೆ ಕೊಟ್ಟದ್ದಂತೂ ಕಲ್ಲುಕಲ್ಲಿನಲ್ಲೂ ಸಿಗುತ್ತದೆ. ದೀಪ ಉರಿಯಬೇಕಾದರೆ ಸಂತೆ ನಡೆಯಬೇಕು. ಸಂತೆ ನಡೆಯಬೇಕಾದರೆ ಗುರುತಿಲ್ಲದವರು ಒಬ್ಬರನ್ನೊಬ್ಬರು ನಂಬಬೇಕು. ಆ ನಂಬಿಕೆಗೆ ಸಾಕ್ಷಿಯಾಗಿ ನಿಲ್ಲುವವರು ಯಾರು? ಅಲ್ಲಿ ದೇವರು ಬರುತ್ತಾನೆ. ಸುಳ್ಳು ತೂಕ ಹಾಕುವವನು ಅರಸನ ಆಳಿಗೆ ಹೆದರದಿದ್ದರೂ ಎದುರಿಗಿರುವ ಗುಡಿಗೆ ಸ್ವಲ್ಪ ಹೆದರುತ್ತಾನೆ. ಎಲ್ಲರೂ ಹೆದರುತ್ತಾರೆ ಅಂತಲ್ಲ! ಯಾವುದು ಮೊದಲು ಅನ್ನುವುದಕ್ಕಿಂತ, ಒಂದನ್ನು ಬಿಟ್ಟು ಇನ್ನೊಂದು ಎಷ್ಟು ದಿನ ಬಾಳೀತು ಅಂತ ಮಕ್ಕಳನ್ನು ಕೇಳಿ. ಉತ್ತರ ಅವರೇ ಹೇಳುತ್ತಾರೆ.

ಹಂಪಿಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ವಿರೂಪಾಕ್ಷ, ಕೃಷ್ಣ, ಅಚ್ಯುತರಾಯ, ವಿಠ್ಠಲ, ಪ್ರತಿಯೊಂದು ದೊಡ್ಡ ಗುಡಿಯ ಮುಂದೆಯೂ ಉದ್ದನೆಯ ಬಜಾರು, ಎರಡೂ ಕಡೆ ಕಲ್ಲು ಕಂಬದ ಸಾಲು. ತೇರು ಎಳೆಯುವ ಬೀದಿಯೇ ಅಂಗಡಿ ಬೀದಿ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಇಲ್ಲಿ ಮುತ್ತು, ಮಾಣಿಕ್ಯಗಳನ್ನು ಬಜಾರಿನಲ್ಲಿ ಬಹಿರಂಗವಾಗಿ ಮಾರುವುದನ್ನು ಬರೆದಿದ್ದಾನೆ. ಓದುವವರಿಗೆಲ್ಲ ಅದೇ ನೆನಪು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದದ್ದು ನನಗೆ ಇನ್ನೂ ಇಷ್ಟ. ಶುಕ್ರವಾರ ಒಂದು ಸಂತೆ ಸೇರುತ್ತದೆ, ಅಲ್ಲಿ ಹಂದಿ, ಕೋಳಿ, ಸಮುದ್ರದ ಒಣಮೀನು ಸಿಗುತ್ತವೆ ಅನ್ನುತ್ತಾನೆ. ಹೀಗೆ ವಾರದ ಒಂದೊಂದು ದಿನ ಪಟ್ಟಣದ ಒಂದೊಂದು ಕಡೆ ಸಂತೆ. ರತ್ನ ಕೊಳ್ಳುವವರು ಎಷ್ಟು ಜನ ಇದ್ದಾರು? ಒಣಮೀನು ಕೊಳ್ಳುವವರಿಂದಲೇ ಅಲ್ವಾ ಪಟ್ಟಣ ನಡೆಯುವುದು?

ಬಸವನಗುಡಿಯ ಕಡಲೆಕಾಯಿ ಪರಿಷೆಯ ಕತೆ ನಿಜವೇ? ಬಸವ ಬಂದು ಬೆಳೆ ತಿನ್ನುತ್ತಿತ್ತು, ಅದಕ್ಕೆ ಗುಡಿ ಕಟ್ಟಿ ಮೊದಲ ಬೆಳೆ ಒಪ್ಪಿಸಿದರು ಅಂತಾರಲ್ಲ?
— ಓದುಗರೊಬ್ಬರು, ಬೆಂಗಳೂರು

ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಕಡೆಯ ರೈತರ ಹೊಲಕ್ಕೆ ಬಸವ ನುಗ್ಗುತ್ತಿತ್ತು ಅನ್ನುವುದು ಕತೆ. ಗುಡಿ 16ನೇ ಶತಮಾನದ ಕೆಂಪೇಗೌಡರ ಕಾಲದ್ದು ಅನ್ನುತ್ತಾರೆ. ಇಲ್ಲಿ ಒಂದು ಸಣ್ಣ ತೊಡಕು. ಕಡಲೆಕಾಯಿ ದಕ್ಷಿಣ ಅಮೆರಿಕದ ಗಿಡ. ಪೋರ್ಚುಗೀಸರು ಇತ್ತ ಬಂದ ಮೇಲೆ ನಮ್ಮ ನೆಲ ಸೇರಿದ್ದು, ಹೊಲಗಟ್ಟಲೆ ಬೆಳೆಯತೊಡಗಿದ್ದು ಇನ್ನೂ ಎಷ್ಟೋ ಕಾಲದ ನಂತರ. ಹಾಗಾದರೆ ಗುಡಿ ಕಟ್ಟುವಾಗ ಬಸವ ತಿಂದದ್ದು ಏನು? ಕತೆಗೆ ಇಷ್ಟು ಜಗ್ಗಾಡಬಾರದು ಬಿಡಿ. ಗುಡಿ ಮೊದಲೇ ಇತ್ತು, ಬೆಳೆ ಆಮೇಲೆ ಬಂತು, ಬಂದ ಬೆಳೆಯನ್ನು ಬಸವನಿಗೆ ಒಪ್ಪಿಸುವ ರೂಢಿ ಬೆಳೆಯಿತು ಅಂತ ನಾನು ಅಂದುಕೊಂಡಿದ್ದೇನೆ.

ಕತೆಗಿಂತ ದಿನ ಗಟ್ಟಿ. ಕಾರ್ತಿಕದ ಕೊನೆಯ ಸೋಮವಾರ. ಮುಂಗಾರಿಗೆ ಬಿತ್ತಿದ ಕಡಲೆಕಾಯಿ ಕಿತ್ತು, ಬಿಡಿಸಿ, ಒಣಗಿಸಿದ ಮೇಲೆ ಸರಿಯಾಗಿ ಬರುವ ದಿನ. ಚಿಂತಾಮಣಿ, ಕೋಲಾರದ ಕಡೆಯಿಂದ, ಗಡಿಯಾಚೆ ತಮಿಳುನಾಡು, ಆಂಧ್ರದಿಂದ ಮೂಟೆ ಬರುತ್ತವೆ. ಹಸಿ, ಹುರಿದದ್ದು, ಬೇಯಿಸಿದ್ದು, ಮೂರೂ ಸಿಗುತ್ತವೆ. ಈಗ ಒಂದು ದಿನದ್ದು ಹಲವು ದಿನಕ್ಕೆ ಬೆಳೆದಿದೆ. ಸೇರಿನಲ್ಲಿ ಅಳೆದು ಕೊಡುವಾಗ ಮೇಲೆ ಗೋಪುರ ಏರಿಸಿ, ಕೊನೆಗೆ ಒಂದು ಹಿಡಿ ಕೊಸರು ಹಾಕುತ್ತಾರೆ. ಆ ಹಿಡಿಗಾಗಿಯೇ ನಾನು ಸೂಪರ್ ಮಾರ್ಕೆಟ್‌ನಲ್ಲಿ ಕಡಲೆಕಾಯಿ ಕೊಳ್ಳುವುದಿಲ್ಲ.

ಆಷಾಢದಲ್ಲಿ ಶುಭಕಾರ್ಯ ಇಲ್ಲ ಅಂತಾರೆ. ನಮ್ಮೂರ ತೇರು ಮಾತ್ರ ಆಷಾಢದಲ್ಲೇ. ಹೊಸ ಜೋಡಿಗಳದ್ದೇ ಜನ. ಯಾಕೆ?
— ಓದುಗರೊಬ್ಬರು, ಚಾಮರಾಜನಗರ

ಮೇಲೆ ಹೇಳಿದ ಸುಗ್ಗಿಯ ಲೆಕ್ಕಕ್ಕೆ ನಿಮ್ಮ ಚಾಮರಾಜೇಶ್ವರನ ತೇರು ಸಿಗುವುದಿಲ್ಲಮ್ಮ. ಅದಕ್ಕೆ ಅದು ನನಗೆ ಇಷ್ಟ. ಗುಡಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು, ತಂದೆಯ ಹೆಸರಿನಲ್ಲಿ. ಆಷಾಢದಲ್ಲಿ ಹೊಸ ಮದುವಣಗಿತ್ತಿ ತವರಿಗೆ ಬಂದಿರುತ್ತಾಳೆ, ಗಂಡ ತನ್ನ ಮನೆಯಲ್ಲಿ. ತಿಂಗಳೆಲ್ಲ ಮುಖ ನೋಡುವ ಹಾಗಿಲ್ಲ. ತೇರಿನ ದಿನ ಇಬ್ಬರೂ ಬರಬಹುದು, ಹಣ್ಣು-ದವನ ಎಸೆಯಬಹುದು, ಯಾರೂ ಏನೂ ಅನ್ನುವುದಿಲ್ಲ. ಹಿರಿಯರು ಎಷ್ಟು ಜಾಣರು ನೋಡಿ: ಕಟ್ಟುಪಾಡು ಮಾಡಿದವರೇ ಅದಕ್ಕೊಂದು ಬಾಗಿಲನ್ನೂ ಇಟ್ಟಿದ್ದಾರೆ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ಕೆಲವು ವರ್ಷ ರಥೋತ್ಸವ ನಿಂತಿತ್ತು. ಹೊಸ ತೇರು ಬಂದು 2022ರಲ್ಲಿ ಮತ್ತೆ ಶುರುವಾಯಿತು. ನಡುವಿನ ವರ್ಷಗಳಲ್ಲಿ ಮದುವೆಯಾದ ಜೋಡಿಗಳು ಮಕ್ಕಳನ್ನು ಎತ್ತಿಕೊಂಡೇ ಹಣ್ಣು ಎಸೆದಿರಬೇಕು.

ನಾಯಕನಹಟ್ಟಿಯಲ್ಲಿ ದೇವರ ಬಾವುಟವನ್ನು ಲಕ್ಷಾಂತರ ರೂಪಾಯಿಗೆ ಹರಾಜು ಹಾಕುತ್ತಾರೆ. ದೇವರನ್ನೂ ವ್ಯಾಪಾರ ಮಾಡುವುದೇ?
— ಓದುಗರೊಬ್ಬರು, ಚಳ್ಳಕೆರೆ

ತಿಪ್ಪೇರುದ್ರಸ್ವಾಮಿಯ ಮುಕ್ತಿ ಬಾವುಟ ತಾನೇ? ಹಣ ಹೋಗುವುದು ಗುಡಿಗೆ, ಕೂಗುವವರು ತಮ್ಮ ಇಷ್ಟದಿಂದ ಕೂಗುತ್ತಾರೆ. ಹೇರಿಗೆ ಇಷ್ಟು ಅಂತ ದೀಪಕ್ಕೆ ಕೊಡುತ್ತಿದ್ದ ಹಳೆಯ ವ್ಯಾಪಾರಿಗಳ ಮೊಮ್ಮಕ್ಕಳು ಇವರು ಅಂದುಕೊಳ್ಳಿ. ರಾಜಕಾರಣಿಗಳು ಪೈಪೋಟಿಗೆ ಬೀಳುವುದನ್ನು ನೋಡಿದರೆ ನನಗೂ ಸ್ವಲ್ಪ ಕಸಿವಿಸಿ. ಅದು ಬಾವುಟದ ತಪ್ಪಲ್ಲ.

ಬಾದಾಮಿ ಬನಶಂಕರಿ ಜಾತ್ರೆ ಒಂದು ತಿಂಗಳು ನಡೆಯುತ್ತದೆ. ನಾಟಕ ಕಂಪನಿಗಳು ಇಷ್ಟೊಂದು ಯಾಕೆ ಬರುತ್ತವೆ? ಜಾತ್ರೆಗೂ ನಾಟಕಕ್ಕೂ ಏನು ಸಂಬಂಧ?
— ಓದುಗರೊಬ್ಬರು, ಗದಗ

ನನ್ನ ನೌಕರಿ ಪೂರ್ತಿ ಹಳೆಯ ಮೈಸೂರಿನ ಕಡೆ. ಬನಶಂಕರಿಗೆ ಹೋದದ್ದು ನಿವೃತ್ತಿಯಾದ ಮೇಲೆ, ಬರೀ ನೋಡಲು. ಅಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ನಾಟಕವಲ್ಲ, ಬಾಗಿಲು! ಮನೆಗೆ ಹಾಕುವ ಮರದ ಬಾಗಿಲು, ಚೌಕಟ್ಟು, ಕಿಟಕಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಸುಗ್ಗಿಯ ದುಡ್ಡಿನಲ್ಲಿ ಮನೆ ಕಟ್ಟುವವರು ಅಲ್ಲಿಗೇ ಬಂದು ಕೊಳ್ಳುತ್ತಾರಂತೆ. ಗೋಡೆಯೇ ಇಲ್ಲದ ಬಯಲಿನಲ್ಲಿ ಅಷ್ಟು ಬಾಗಿಲು ಒಟ್ಟಿಗೆ ನಿಂತದ್ದನ್ನು ಬೇರೆಲ್ಲೂ ನೋಡಿಲ್ಲ.

ನಾಟಕದ ಮಾತಿಗೆ ಬರೋಣ. ಹೊಟ್ಟೆಪಾಡಿನ ಕಂಪನಿ ನಡೆಸುವವನಿಗೆ ಮೂರು ಬೇಕು: ದುಡ್ಡಿರುವ ಜನ, ಬಿಡುವಿರುವ ಜನ, ರಾತ್ರಿ ಊರಿಗೆ ಮರಳಲಾಗದ ಜನ. ಬನದ ಹುಣ್ಣಿಮೆಯ ಹೊತ್ತಿಗೆ ಚೊಳಚಗುಡ್ಡದ ಆ ಬಯಲಿನಲ್ಲಿ ಮೂರೂ ಒಟ್ಟಿಗೆ ಸಿಗುತ್ತಿದ್ದವು. ಗಾಡಿ ಕಟ್ಟಿಕೊಂಡು ಬಂದವರು ರಾತ್ರಿ ಎಲ್ಲಿಗೆ ಹೋಗಬೇಕು? ಬೆಳಗಿನ ತನಕ ನಾಟಕ ನೋಡುತ್ತಿದ್ದರು. ಒಂದು ಮುಗಿದರೆ ಪಕ್ಕದ ತಗಡಿನ ಥಿಯೇಟರ್‌ನಲ್ಲಿ ಇನ್ನೊಂದು. ಬೇರೆ ಊರುಗಳಲ್ಲಿ ವಾರಕ್ಕೆ ಕ್ಯಾಂಪ್ ಎತ್ತಬೇಕಾದ ಕಂಪನಿಗೆ ಇಲ್ಲಿ ತಿಂಗಳ ದುಡಿಮೆ. ಕಲಾವಿದರ ವರ್ಷದ ಸಾಲ ಇಲ್ಲಿ ತೀರುತ್ತಿತ್ತು ಅಂತ ಹಳಬರು ಹೇಳುತ್ತಾರೆ. ಈಗ ಬೈಕು, ಬಸ್ಸು ಇವೆ, ಜನ ರಾತ್ರಿಯೇ ಊರಿಗೆ ಹೋಗಬಲ್ಲರು. ಆದರೂ ಕಂಪನಿಗಳು ಬರುತ್ತವೆ, ಟಿಕೆಟ್ ಹರಿಯುತ್ತದೆ. ಹಾಸ್ಯ ಸ್ವಲ್ಪ ಜಾಸ್ತಿಯಾಗಿದೆ, ಮಾತು ಸ್ವಲ್ಪ ಸಡಿಲವಾಗಿದೆ. ನನಗೆ ಅದು ರುಚಿಸಲಿಲ್ಲ. ನನ್ನ ಪಕ್ಕದಲ್ಲಿ ಕೂತ ಅಜ್ಜಿ ಮಾತ್ರ ಬಿದ್ದು ಬಿದ್ದು ನಗುತ್ತಿದ್ದಳು.

ತೇರಿನ ಹಿಂದಿನ ದಿನ ದೇವಿಗೆ 108 ಬಗೆ ತರಕಾರಿ, ಸೊಪ್ಪಿನ ನೈವೇದ್ಯ. ಅಲ್ಲಿಯ ಜನ ಪಲ್ಲೇದ ಹಬ್ಬ ಅನ್ನುತ್ತಾರೆ. ಗುಡಿಯ ಹತ್ತಿರ ಬುಟ್ಟಿ ಹೊತ್ತು ತಂದ ಹೆಂಗಸರು ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಸಣ್ಣ ಕುಡಿಕೆಯಲ್ಲಿ ಗಟ್ಟಿ ಮೊಸರು ಕೊಡುತ್ತಾರೆ. ಗದಗಿನವರಿಗೆ ನಾನು ರೊಟ್ಟಿಯ ಬಗ್ಗೆ ಹೇಳುವುದು ಅಧಿಕಪ್ರಸಂಗವೇ. ಇರಲಿ, ಆ ಮೊಸರಿನ ರುಚಿ ಇನ್ನೂ ಇದೆ.

ಬೇರೆ ದೇಶಗಳಲ್ಲೂ ಹೀಗೆ ಜಾತ್ರೆ ಇತ್ತೇ?
— ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಇತ್ತು. ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ 12, 13ನೇ ಶತಮಾನದಲ್ಲಿ ನಾಲ್ಕು ಊರುಗಳಲ್ಲಿ ವರ್ಷಕ್ಕೆ ಆರು ಜಾತ್ರೆ, ಒಂದಾದ ಮೇಲೆ ಒಂದು ಸರದಿಯಲ್ಲಿ ಸೇರುತ್ತಿದ್ದವು. ಇಟಲಿಯ ವ್ಯಾಪಾರಿಗಳು, ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನ ಬಟ್ಟೆಯವರು ಅಲ್ಲಿ ಸಿಗುತ್ತಿದ್ದರು. ದಾರಿಯ ರಕ್ಷಣೆ ಅಲ್ಲಿಯ ದೊರೆಯದು. ಜಗಳ ತೀರಿಸಲು ಜಾತ್ರೆಗೇ ಅಧಿಕಾರಿಗಳಿದ್ದರು. ನಮ್ಮ ಘಾಟಿಯಿಂದ ಸಿದ್ಧಗಂಗೆಯ ತನಕದ ಸರದಿ ನೆನಪಾಗುತ್ತದೆ, ಅಲ್ವಾ? ನಮ್ಮ ದೇಶದಲ್ಲೇ ಬಿಹಾರದ ಸೋನ್‌ಪುರ ಇದೆ. ಗಂಗೆ, ಗಂಡಕಿ ಸೇರುವ ಜಾಗ, ಕಾರ್ತಿಕ ಹುಣ್ಣಿಮೆ. ಒಂದು ಕಾಲಕ್ಕೆ ಆನೆ ವ್ಯಾಪಾರಕ್ಕೆ ಹೆಸರಾಗಿತ್ತು. ಅಲ್ಲೂ ನದಿಯ ಸ್ನಾನ, ಹರಿಹರನಾಥನ ಪೂಜೆ, ದನದ ಮಾರಾಟ ಎಲ್ಲ ಒಂದೇ ಬಯಲಿನಲ್ಲಿ.

ಈಗಿನ ಜಾತ್ರೆ ಜಾತ್ರೆಯೇ ಅಲ್ಲ. ದನ ಇಲ್ಲ, ಬರೀ ಪ್ಲಾಸ್ಟಿಕ್ ಆಟಿಕೆ, ಗೋಬಿ ಮಂಚೂರಿ, ಮೈಕಿನ ಗಲಾಟೆ. ನೀವು ಒಪ್ಪುತ್ತೀರಾ?
— ನಿವೃತ್ತ ನೌಕರರೊಬ್ಬರು, ಮಂಡ್ಯ

ಅರ್ಧ ಒಪ್ಪುತ್ತೇನೆ. ದನ ಕಡಿಮೆಯಾಗಿವೆ, ಅದು ನಿಜ. ಉಳುಮೆಗೆ ಟ್ರ್ಯಾಕ್ಟರ್, ಟಿಲ್ಲರ್ ಬಂದ ಮೇಲೆ ಜೋಡೆತ್ತು ಯಾರಿಗೆ ಬೇಕು? ಎರಡು ಎಕರೆಯವನಿಗೆ ವರ್ಷವಿಡೀ ಎತ್ತು ಸಾಕುವುದಕ್ಕಿಂತ ಗಂಟೆ ಲೆಕ್ಕದ ಬಾಡಿಗೆ ಅಗ್ಗ. ಅದರ ಮೇಲೆ ರೋಗ. 2022ರ ಕೊನೆಯಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದಲ್ಲಿ ದನಗಳ ಜಾತ್ರೆಗಳಿಗೆ ತಡೆ ಬಿತ್ತು. ರೈತರು ಬೈದರು. ವೈದ್ಯನಾಗಿ ನಾನು ಅದು ಸರಿ ಅನ್ನುತ್ತೇನೆ. ಆ ರೋಗ ಕಚ್ಚುವ ನೊಣ, ಸೊಳ್ಳೆಗಳಿಂದ ಹರಡುತ್ತದೆ. ಹತ್ತು ಜಿಲ್ಲೆಯ ದನಗಳನ್ನು ಒತ್ತಾಗಿ ಕಟ್ಟಿ, ಆಮೇಲೆ ಹತ್ತು ಜಿಲ್ಲೆಗೂ ಕಳಿಸಿದರೆ ರೋಗಕ್ಕೆ ಬೇರೆ ಗಾಡಿಯೇ ಬೇಡ.

ಆದರೆ ಹಳ್ಳಿಕಾರ್ ತಳಿಯ ಜೋಡಿಯ ದರ ಕೇಳಿದ್ದೀರಾ? ಉಳುಮೆಗೆ ಬೇಡವಾದ ಮೇಲೆ ಅದು ಹೆಮ್ಮೆಯ ಸಾಕಣೆಯಾಗಿದೆ. ಹುಡುಗರು ಓಟದ ಹೋರಿ ಅಂತ ಹಿಂದೆ ಬಿದ್ದಿದ್ದಾರೆ. ಲಕ್ಷಗಳಲ್ಲಿ ಮಾತು. ಒಳ್ಳೆಯ ಜೋಡಿಯನ್ನು ಜಾತ್ರೆಗೆ ತರುವಾಗ ತಮಟೆ ಹೊಡೆಸಿ, ಹೂವಿನ ಹಾರ ಹಾಕಿ, ಪೆಂಡಾಲ್ ಕಟ್ಟಿ, ಕೆಳಗೆ ಮ್ಯಾಟ್ ಹಾಸುವವರೂ ಇದ್ದಾರೆ. ಎತ್ತಿಗೆ ಮ್ಯಾಟ್, ಒಡೆಯನಿಗೆ ಗೋಣಿಚೀಲ!

ಗೋಬಿ ಮಂಚೂರಿ ಬಗ್ಗೆ ನಿಮ್ಮ ಸಿಟ್ಟು ನನಗಿಲ್ಲ. ನಾವು ಚಿಕ್ಕವರಿದ್ದಾಗ ಬೆಂಡು-ಬತ್ತಾಸು, ಮಂಡಕ್ಕಿ, ಬಜ್ಜಿ ತಿಂದೆವು. ಈಗಿನವರು ಇದನ್ನು ತಿನ್ನುತ್ತಾರೆ. ಬಣ್ಣ ಹಾಕಿದ ಬತ್ತಾಸೇನು ಬಹಳ ಆರೋಗ್ಯವೇ? ಕೊಪ್ಪಳದ ಗವಿಮಠದ ಜಾತ್ರೆಯನ್ನು ನೋಡಿ. ಅಲ್ಲಿ ದಾಸೋಹಕ್ಕೆ ಸುತ್ತಲ ಹಳ್ಳಿಗಳ ಮನೆಮನೆಯಲ್ಲೂ ಜೋಳದ ರೊಟ್ಟಿ ತಟ್ಟಿ, ಟ್ರ್ಯಾಕ್ಟರ್‌ನಲ್ಲಿ ಹೇರಿಕೊಂಡು ಬರುತ್ತಾರೆ. ಎತ್ತಿನ ಕೆಲಸ ಕಸಿದ ಅದೇ ಟ್ರ್ಯಾಕ್ಟರ್. ಅದು ಹೊಸ ಕಾಲದ್ದು ಅಂತ ಬೇಡ ಅನ್ನುತ್ತೀರಾ?

ಮೈಕಿನ ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಪಕ್ಷ. ದನ ಬೆದರುತ್ತವೆ.

ಮಕ್ಕಳು ಬೆಂಗಳೂರಿನಲ್ಲೇ ಹುಟ್ಟಿದವರು. ಒಂದು ದನಗಳ ಜಾತ್ರೆ ತೋರಿಸಬೇಕು. ಜೊತೆಗೆ ನಮ್ಮ ಮಾವನವರಿಗೆ ಊರಿನಲ್ಲಿ ಒಂದು ಜೋಡಿ ಕೊಳ್ಳುವ ಆಸೆ. ಏನು ನೋಡಿ ಕೊಳ್ಳಬೇಕು?
— ಓದುಗರೊಬ್ಬರು, ಯಲಹಂಕ

ನಿಮಗೆ ಘಾಟಿಯೇ ಹತ್ತಿರ. ತೇರಿನ ದಿನ ಹೋಗಬೇಡಿ. ಆ ದಿನ ಜನ ಕಾಣುತ್ತಾರೆ, ದನ ಕಾಣುವುದಿಲ್ಲ. ತೇರಿಗೆ ಮುಂಚಿನ ದಿನಗಳಲ್ಲಿ, ಬೆಳಗ್ಗೆ ಬೇಗ ಹೋಗಿ. ಚಳಿಗೆ ಬೆಂಕಿ ಹಾಕಿಕೊಂಡು ಕೂತಿರುತ್ತಾರೆ, ಮಾತಿಗೆ ಸಿಗುತ್ತಾರೆ. ಮಕ್ಕಳು ಎತ್ತಿನ ಹಿಂದೆ ನಿಲ್ಲದ ಹಾಗೆ ನೋಡಿಕೊಳ್ಳಿ. ಮುಟ್ಟುವ ಮೊದಲು ಒಡೆಯನನ್ನು ಕೇಳಲಿ. ಕೊಳ್ಳದವರು ಸುಮ್ನೆ ದರ ಕೇಳಬಾರದು, ಅದು ಅಲ್ಲಿಯ ಮರ್ಯಾದೆ.

ಮಾವನವರಿಗೆ ಹೇಳಿ: ಮೊದಲು ಬಾಯಿ ಬಿಡಿಸಿ ನೋಡಲಿ. ಮುಂದಿನ ಕೆಳಹಲ್ಲು ಎರಡು ದೊಡ್ಡವಾಗಿದ್ದರೆ ಸುಮಾರು ಎರಡು ವರ್ಷ, ನಾಲ್ಕಾದರೆ ಎರಡೂವರೆಯಿಂದ ಮೂರು, ಆರಾದರೆ ಮೂರರ ಮೇಲೆ, ಎಂಟೂ ಬಂದು ಬಾಯಿ ಕೂಡಿದ್ದರೆ ನಾಲ್ಕು ದಾಟಿದೆ. ಹೊಸದಾಗಿ ಪಳಗಿಸಲು ಎರಡು ಹಲ್ಲಿನದ್ದು, ತಕ್ಷಣ ಕೆಲಸಕ್ಕೆ ಆರು ಹಲ್ಲಿನದ್ದು. ಆಮೇಲೆ ನಡೆಸಿ ನೋಡಲಿ, ಗಟ್ಟಿ ನೆಲದ ಮೇಲೆ, ಹತ್ತಿಪ್ಪತ್ತು ಹೆಜ್ಜೆ. ನಿಂತಲ್ಲಿ ಚೆನ್ನಾಗಿ ಕಾಣುವ ಕುಂಟು ನಡೆದಾಗ ಬಯಲಾಗುತ್ತದೆ. ಎಡಕ್ಕೆ ಕಟ್ಟುವುದು ಯಾವುದು, ಬಲಕ್ಕೆ ಯಾವುದು ಅಂತ ಕೇಳಲಿ. ಮೈಕೂದಲಿನ ಸುಳಿ ನೋಡಿ ಶುಭ-ಅಶುಭದ ಶಾಸ್ತ್ರ ಹೇಳುವವರು ಹತ್ತು ಜನ ಬರುತ್ತಾರೆ. ಕೇಳಿಸಿಕೊಳ್ಳಲಿ, ಅದಕ್ಕಾಗಿ ಒಳ್ಳೆಯ ಎತ್ತು ಬಿಡುವುದು ಬೇಡ. ಆದರೆ ಒಂದು ಮಾತು: ಅಶುಭ ಸುಳಿ ಅಂತ ಹೆಸರಾದ ಎತ್ತನ್ನು ನಾಳೆ ಮಾರುವುದು ಕಷ್ಟ, ದರದಲ್ಲಿ ಅದನ್ನು ಈಗಲೇ ಮುರಿದುಕೊಳ್ಳಲಿ.

ಕಿವಿಯಲ್ಲಿ ಹಳದಿ ಓಲೆ ಇದೆಯೇ ನೋಡಲಿ, 12 ಅಂಕಿಯ ಸಂಖ್ಯೆ ಇರುತ್ತದೆ. ಅದನ್ನು ಅಲ್ಲಿಯ ಪಶುವೈದ್ಯರ ಮೇಜಿಗೆ ತೋರಿಸಿದರೆ ಕಾಲುಬಾಯಿ ಲಸಿಕೆ ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಬಾಯಲ್ಲಿ ಜೊಲ್ಲು, ಗೊರಸಿನ ಸಂದಿಯಲ್ಲಿ ಹುಣ್ಣು, ಮೈಮೇಲೆ ಗಂಟು ಕಂಡರೆ ದರ ಎಷ್ಟೇ ಇಳಿದರೂ ಬೇಡ. ಮನೆಗೆ ತಂದ ಮೇಲೆ ಎರಡು ವಾರ ಹಳೆಯ ದನಗಳಿಂದ ದೂರ ಕಟ್ಟಲಿ, ನೀರಿನ ತೊಟ್ಟಿಯೂ ಬೇರೆ ಇರಲಿ. ಖರೀದಿ ರಸೀದಿ, ಸಾಗಣೆಗೆ ಬೇಕಾದ ಕಾಗದ ಎರಡನ್ನೂ ಬಯಲು ಬಿಡುವ ಮೊದಲೇ ಮಾಡಿಸಿಕೊಳ್ಳಲಿ. ದಾರಿಯಲ್ಲಿ ಪೊಲೀಸರು ಕೇಳಿದಾಗ ದಲ್ಲಾಳಿ ಜೊತೆಗಿರುವುದಿಲ್ಲ.